ಕಾರಿನ ಎಸಿ ಡ್ಯಾಂಪರ್ ಮೋಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಎಸಿ ತಂಪಾಗುತ್ತಿಲ್ಲ ಎಂದು ಗ್ಯಾರೇಜಿಗೆ ಹೋದರೆ ಮೊದಲು ಕಿವಿಗೆ ಬೀಳುವ ಮಾತು ‘ಗ್ಯಾಸ್ ಹಾಕಿಸಿ’. ಗ್ಯಾಸ್ ನಿಜವಾಗಿಯೂ ಕಡಿಮೆಯಾಗಿರಬಹುದು. ಆದರೆ ಡ್ಯಾಶ್‌ಬೋರ್ಡಿನ ಹಿಂದಿರುವ, ಅಂಗೈಯಲ್ಲಿ ಹಿಡಿಸುವಷ್ಟೇ ದೊಡ್ಡದಾದ ಡ್ಯಾಂಪರ್ ಮೋಟರ್ ಕೈಕೊಟ್ಟರೂ ಲಕ್ಷಣ ಅದೇ. ಇದನ್ನು ನೋಡದೆ ಗ್ಯಾಸ್ ತುಂಬಿಸುವವರು, ಅದು ತಿರುಗಿಸುವ ಫಲಕವನ್ನು (ಫ್ಲ್ಯಾಪ್) ನೋಡದೆ ಮೋಟರ್ ಬದಲಾಯಿಸುವವರು ಇಬ್ಬರೂ ದುಡ್ಡು ಕಳೆದುಕೊಳ್ಳುತ್ತಾರೆ. ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ, ಮಾತಿನ ನಡುವೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ.

## ಮೊದಲ ಪರಿಚಯ

ಡ್ಯಾಂಪರ್ ಮೋಟರ್ ಎಂದರೆ ಗಾಳಿ ಬೀಸುವ ಫ್ಯಾನಿನ ಮೋಟರೇ?

ಅಲ್ಲ. ಗಾಳಿ ಬೀಸುವುದು ಬ್ಲೋವರ್. ಬೀಸಿದ ಗಾಳಿ ಯಾವ ದಾರಿಯಲ್ಲಿ ಹೋಗಬೇಕು ಎಂಬುದನ್ನು ನಿರ್ಧರಿಸುವುದು ಡ್ಯಾಂಪರ್ ಮೋಟರ್. ಡ್ಯಾಶ್‌ಬೋರ್ಡಿನ ಹಿಂದೆ ದೊಡ್ಡದೊಂದು ಪ್ಲಾಸ್ಟಿಕ್ ಪೆಟ್ಟಿಗೆಯಿದೆ. ಅದರೊಳಗೆ ತಂಪು ಕೊಡುವ ಕೂಲಿಂಗ್ ಕಾಯಿಲ್, ಇಂಜಿನ್ನಿನ ಬಿಸಿ ಕೂಲಂಟ್ ಹರಿಯುವ ಹೀಟರ್ ಕೋರ್, ಇವುಗಳ ಸುತ್ತ ತೆರೆದು ಮುಚ್ಚುವ ಫಲಕಗಳು ಇವೆ. ಈ ಫಲಕಗಳೇ ಡ್ಯಾಂಪರ್‌ಗಳು; ಗ್ಯಾರೇಜಿನವರು ‘ಫ್ಲ್ಯಾಪ್’ ಎನ್ನುತ್ತಾರೆ, ಅದನ್ನು ತಿರುಗಿಸುವ ಮೋಟರಿಗೆ ‘ಆಕ್ಚುಯೇಟರ್’ ಎನ್ನುತ್ತಾರೆ.

ಇವು ಮೂರು ಬಗೆ. ಒಂದು, ಹೊರಗಿನ ಗಾಳಿ ಬೇಕೋ ಒಳಗಿನ ಗಾಳಿಯೇ ಸುತ್ತಬೇಕೋ ಎಂದು ನಿರ್ಧರಿಸುವುದು. ಎರಡು, ತಂಪು ಗಾಳಿಯಲ್ಲಿ ಎಷ್ಟು ಪಾಲು ಹೀಟರ್ ಕೋರ್ ಮೂಲಕ ಹಾದು ಬರಬೇಕು ಎಂದು ನಿರ್ಧರಿಸುವುದು. ಮೂರು, ಗಾಳಿಯನ್ನು ಮುಖಕ್ಕೆ, ಕಾಲಿಗೆ ಅಥವಾ ಮುಂದಿನ ಗಾಜಿಗೆ ಹಂಚುವುದು. ಚಾಲಕನಿಗೆ ಒಂದು, ಪಕ್ಕದವರಿಗೆ ಇನ್ನೊಂದು ತಾಪಮಾನ ಇಡಬಹುದಾದ ಕಾರುಗಳಲ್ಲಿ ಎರಡನೆಯ ಬಗೆಯ ಮೋಟರ್ ಎರಡಿರುತ್ತವೆ.

ನನ್ನದು ನಾಬ್ ತಿರುಗಿಸುವ ಹಳೆಯ ಕಾರು. ಅದರಲ್ಲೂ ಈ ಮೋಟರ್ ಇದೆಯೇ?

ಬಹುಶಃ ಇಲ್ಲ. ಮಾರುತಿ 800ರಂತಹ ಕಾರುಗಳಲ್ಲಿ ಫ್ಲ್ಯಾಪ್ ಎಳೆಯುವುದು ಕೇಬಲ್. ನಾಬ್ ಅಥವಾ ಲಿವರ್ ಸರಿಸುವಾಗ ಕೈಗೆ ಬಿಗಿತ ತಿಳಿದರೆ ಅದು ಕೇಬಲ್. ಬೆರಳಲ್ಲಿ ಹಗುರಾಗಿ ತಿರುಗಿ, ಒಂದು ಕ್ಷಣದ ನಂತರ ಒಳಗೆ ಸಣ್ಣ ಗುಂಯ್ ಎನ್ನುವ ಸದ್ದು ಬಂದರೆ ಮೋಟರ್. ಎರಡೂ ಬೆರೆತ ಕಾರುಗಳೂ ಇವೆ: ತಾಪಮಾನಕ್ಕೆ ಕೇಬಲ್, ಒಳಗಾಳಿ-ಹೊರಗಾಳಿಗೆ ಮಾತ್ರ ಗುಂಡಿ ಮತ್ತು ಮೋಟರ್. ಕೇಬಲ್ ಇರುವವರು ಅದರ ತುದಿಯ ಕ್ಲಿಪ್ ಕಳಚಿದೆಯೇ ಎಂದು ನೋಡಿಕೊಂಡರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಕಾರು ಸ್ಟಾರ್ಟ್ ಮಾಡಿದ ಕೂಡಲೇ ಡ್ಯಾಶ್‌ಬೋರ್ಡಿನೊಳಗಿಂದ ಟಕ್ ಟಕ್ ಸದ್ದು ಬರುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಏನದು?

ಗಿಯರ್ ಹಲ್ಲು ಜಾರುವ ಸದ್ದು. ಮೋಟರಿನೊಳಗೆ ಒಂದು ಚಿಕ್ಕ ಡಿಸಿ ಮೋಟರ್, ಅದರ ದಂಡದ ಮೇಲೆ ಸ್ಕ್ರೂವಿನಂತೆ ಸುರುಳಿ ಹಲ್ಲಿನ ವರ್ಮ್ ಗಿಯರ್, ಅಲ್ಲಿಂದ ಮುಂದೆ ಮೂರು ನಾಲ್ಕು ಪ್ಲಾಸ್ಟಿಕ್ ಗಿಯರ್‌ಗಳು. ವರ್ಷಗಳ ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗಿ ಯಾವುದೋ ಒಂದು ಹಲ್ಲು ಮುರಿಯುತ್ತದೆ, ಇಲ್ಲವೇ ಗಿಯರ್ ನಡುವೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಎಸಿ ನಿಯಂತ್ರಣ ಘಟಕ ‘ಇನ್ನೂ ಗುರಿ ಮುಟ್ಟಿಲ್ಲ’ ಎಂದು ಮೋಟರನ್ನು ತಳ್ಳುತ್ತಲೇ ಇರುತ್ತದೆ, ಗಿಯರ್ ಅಲ್ಲೇ ಜಾರುತ್ತಿರುತ್ತದೆ. ಒಂದಷ್ಟು ಹೊತ್ತಿನ ನಂತರ ಘಟಕ ಕೈಬಿಡುತ್ತದೆ, ಸದ್ದು ನಿಲ್ಲುತ್ತದೆ. ಸದ್ದು ನಿಂತಿತೆಂದರೆ ಸರಿಹೋಯಿತು ಎಂದಲ್ಲ.

ಒಂದು ಅಪವಾದವಿದೆ. ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟರ್ ಇರುವ ಕೆಲವು ಕಾರುಗಳು ಇಗ್ನಿಷನ್ ಹಾಕಿದಾಗ ಫ್ಲ್ಯಾಪನ್ನು ಒಂದು ಕೊನೆಗೆ ಒತ್ತಿ ‘ಸೊನ್ನೆ ಇಲ್ಲಿದೆ’ ಎಂದು ಗುರುತು ಮಾಡಿಕೊಳ್ಳುತ್ತವೆ. ಆಗ ಕ್ಷಣಕಾಲ ಕೇಳುವ ಸದ್ದು ಸಹಜ. ಕಾರು ಹೊಸದಾಗಿದ್ದಾಗಿನಿಂದಲೂ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಗ್ಯಾಸ್ ಹಾಕಿಸಿ ತಿಂಗಳಾಗಿಲ್ಲ, ಮತ್ತೆ ಬಿಸಿ ಗಾಳಿ. ಇದು ಗ್ಯಾಸ್ ಸಮಸ್ಯೆಯೋ ಮೋಟರ್ ಸಮಸ್ಯೆಯೋ?

ಕೈಯಿಂದಲೇ ತಿಳಿಯಬಹುದು. ಇಂಜಿನ್ ಚಾಲೂ ಇಟ್ಟು, ಎಸಿ ಪೂರ್ತಿ ತಂಪಿಗೆ ಹಾಕಿ, ಹತ್ತು ನಿಮಿಷ ಬಿಡಿ. ಬಾನೆಟ್ ತೆರೆದು, ಇಂಜಿನ್ ಕೋಣೆಯ ಹಿಂಗೋಡೆಯಿಂದ ಕಂಪ್ರೆಸರ್ (ಗ್ಯಾಸನ್ನು ಒತ್ತಿ ತಳ್ಳುವ ಪಂಪ್) ಕಡೆಗೆ ಬರುವ ದಪ್ಪ ಅಲ್ಯೂಮಿನಿಯಂ ಪೈಪನ್ನು ಗೋಡೆಯ ಬಳಿ ಮುಟ್ಟಿ ನೋಡಿ. ಫ್ಯಾನ್, ಬೆಲ್ಟ್‌ಗಳಿಂದ ಕೈ ದೂರವಿರಲಿ. ಕಂಪ್ರೆಸರಿನಿಂದ ಹೊರಡುವ ತೆಳು ಪೈಪ್ ಸುಡುತ್ತದೆ, ಅದನ್ನು ಮುಟ್ಟಬೇಡಿ. ದಪ್ಪ ಪೈಪ್ ತಣ್ಣಗೆ ಕೊರೆಯುತ್ತ, ಮೈಮೇಲೆ ನೀರ ಹನಿ ಕಟ್ಟಿದ್ದರೆ ಎಸಿ ತನ್ನ ಕೆಲಸ ಮಾಡುತ್ತಿದೆ. ಒಳಗೆ ಮಾತ್ರ ಬಿಸಿ ಗಾಳಿ ಬರುತ್ತಿದ್ದರೆ, ತಂಪಾದ ಗಾಳಿಯನ್ನು ಫ್ಲ್ಯಾಪ್ ಮತ್ತೆ ಹೀಟರ್ ಕೋರ್ ಮೂಲಕ ಕಳುಹಿಸುತ್ತಿದೆ ಎಂದರ್ಥ. ಅಲ್ಲಿ ಹರಿಯುವ ಕೂಲಂಟ್ ಸುಮಾರು 90 ಡಿಗ್ರಿ ಬಿಸಿ; ಯಾವ ಗ್ಯಾಸ್ ಹಾಕಿದರೂ ಆ ಬಿಸಿಯ ಮುಂದೆ ನಿಲ್ಲದು.

ಪೈಪ್ ತಣ್ಣಗಿಲ್ಲದಿದ್ದರೆ ಮೋಟರಿನ ಮಾತು ಬಿಡಿ. ಸೋರಿಕೆ, ಕಂಪ್ರೆಸರ್, ಕಂಡೆನ್ಸರ್ ಕಡೆ ನೋಡಿ. ಎಸಿ ಗ್ಯಾಸ್ ಇಂಜಿನ್ ಆಯಿಲಿನ ಹಾಗೆ ಸವೆದು ಖರ್ಚಾಗುವಂಥದ್ದಲ್ಲ. ಪದೇ ಪದೇ ಹಾಕಿಸಬೇಕಾಗಿದ್ದರೆ ಎಲ್ಲೋ ಸೋರುತ್ತಿದೆ.

ಚಾಲಕನ ಕಡೆ ತಂಪು, ಪಕ್ಕದ ಸೀಟಿನ ಕಡೆ ಬಿಸಿ. ಇದು ಖಂಡಿತ ಮೋಟರ್ ತಾನೇ?

ಖಂಡಿತ ಎನ್ನಲಾಗದು. ಎರಡು ವಲಯದ ಎಸಿಯಾದರೆ ಒಂದು ಬದಿಯ ಮೋಟರ್ ಮೇಲೆ ಮೊದಲ ಅನುಮಾನ. ಆದರೆ ಗ್ಯಾಸ್ ಕಡಿಮೆಯಾದಾಗ ಕೂಲಿಂಗ್ ಕಾಯಿಲಿನ ಒಂದು ಭಾಗವಷ್ಟೇ ತಂಪಾಗಿ ಇದೇ ಲಕ್ಷಣ ಕಾಣಿಸುತ್ತದೆ, ಒಂದೇ ವಲಯದ ಕಾರಿನಲ್ಲೂ. ವ್ಯತ್ಯಾಸ ಹೀಗೆ ಗುರುತಿಸಬಹುದು: ತಾಪಮಾನ ಏರಿಸಿ ಇಳಿಸಿದಾಗ ಬಿಸಿ ಬದಿಯಲ್ಲಿ ಏನೂ ಬದಲಾಗದಿದ್ದರೆ ಮೋಟರ್ ಅಥವಾ ಫ್ಲ್ಯಾಪ್, ಎರಡೂ ಬದಿ ಬದಲಾಗುತ್ತ, ಒಂದು ಬದಿ ಸದಾ ಹಿಂದೆ ಉಳಿದರೆ ಗ್ಯಾಸ್.

ಇದು ಕೆಟ್ಟಿದ್ದರೂ ಕಾರು ಓಡಿಸಬಹುದೇ?

ಯಾವ ಮೋಟರ್ ಎಂಬುದರ ಮೇಲೆ ನಿಂತಿದೆ. ತಾಪಮಾನದ ಮೋಟರ್ ಕೆಟ್ಟರೆ ಕಲಬುರಗಿಯ ಮೇ ತಿಂಗಳಲ್ಲಿ ಬೆವರುತ್ತೀರಿ, ಅಷ್ಟೇ. ಗಾಳಿ ಹಂಚುವ ಮೋಟರ್ ಕಾಲಿನ ಕಡೆಗೆ ಸಿಕ್ಕಿಕೊಂಡರೆ ಮಾತು ಬೇರೆ. ಮಳೆಗಾಲದಲ್ಲಿ ಶಿರಾಡಿಯೋ ಆಗುಂಬೆಯೋ ಘಾಟಿಯಲ್ಲಿ ಮುಂದಿನ ಗಾಜು ಒಳಗಿನಿಂದ ಮಂಜುಗಟ್ಟಿದಾಗ ಗಾಜಿಗೆ ಗಾಳಿ ಹೋಗದಿದ್ದರೆ ಎದುರಿನ ಬಸ್ಸೇ ಕಾಣುವುದಿಲ್ಲ. ಒಳಗಾಳಿಯಲ್ಲೇ ಸಿಕ್ಕಿಕೊಂಡ ಫ್ಲ್ಯಾಪ್ ಕೂಡ ಮಂಜನ್ನು ಹೆಚ್ಚಿಸುತ್ತದೆ. ಮಳೆಗೆ ಮೊದಲು ಸರಿಪಡಿಸಿಕೊಳ್ಳಿ.

## ಪರೀಕ್ಷೆ

ಏನನ್ನೂ ಬಿಚ್ಚದೆ ಯಾವ ಮೋಟರ್ ಕೆಟ್ಟಿದೆ ಎಂದು ತಿಳಿಯುವುದು ಹೇಗೆ?

ಇಗ್ನಿಷನ್ ಮಾತ್ರ ಹಾಕಿ, ಇಂಜಿನ್ ಬೇಡ, ಹಾಡು ಬಂದ್, ಕಿಟಕಿ ಮುಚ್ಚಿ. ಬ್ಲೋವರ್ ಅತಿ ಕಡಿಮೆ ವೇಗದಲ್ಲಿರಲಿ. ಈಗ ಒಂದೊಂದೇ ಗುಂಡಿ ಒತ್ತಿ, ಪ್ರತಿ ಸಲ ಹತ್ತು ಸೆಕೆಂಡ್ ಕಾಯಿರಿ. ಮುಖ, ಕಾಲು, ಗಾಜು ಎಂದು ಬದಲಾಯಿಸಿದಾಗ ಕೈ ಇಟ್ಟು ನೋಡಿ. ಒಳಗಾಳಿ ಗುಂಡಿ ಒತ್ತಿದಾಗ ಬ್ಲೋವರ್ ಸದ್ದು ಜೋರಾಗಬೇಕು. ಗ್ಲವ್ ಬಾಕ್ಸ್ ಹಿಂದಿನ ಬಾಯಿ ತೆರೆದುಕೊಳ್ಳುವುದರಿಂದ ಹಾಗೆ. ಜೋರಾಗದಿದ್ದರೆ ಆ ಮೋಟರ್ ಅಲುಗಿಲ್ಲ. ತಾಪಮಾನಕ್ಕೆ ಮಾತ್ರ ಇಂಜಿನ್ ಬಿಸಿಯಾಗಿರಬೇಕು: ಒಂದು ತುದಿಯಿಂದ ಇನ್ನೊಂದು ತುದಿಗೆ ಹಾಕಿ ಗಾಳಿಯ ಬಿಸಿ ಬದಲಾಗುವುದನ್ನು ನೋಡಿ.

ಫ್ಯಾನ್ ವೇಗವೇ ಬದಲಾಗದಿದ್ದರೆ ಅದು ಬ್ಲೋವರಿನದೋ ಅದರ ವೇಗ ನಿಯಂತ್ರಿಸುವ ರೆಸಿಸ್ಟರಿನದೋ ದೋಷ. ಈ ಪುಟಕ್ಕೆ ಸಂಬಂಧವಿಲ್ಲ.

ಮೋಟರ್ ಕೆಟ್ಟಿದೆಯೋ, ಒಳಗಿನ ಫ್ಲ್ಯಾಪ್ ಮುರಿದಿದೆಯೋ? ಮೆಕ್ಯಾನಿಕ್ ಎರಡನ್ನೂ ಬದಲಾಯಿಸಬೇಕು ಎನ್ನುತ್ತಿದ್ದಾರೆ.

ಇಡೀ ಕೆಲಸದಲ್ಲಿ ಮುಖ್ಯವಾದ ಪ್ರಶ್ನೆ ಇದೇ. ಮೋಟರ್ ಪೆಟ್ಟಿಗೆಯ ಹೊರಗೆ ಸ್ಕ್ರೂಗಳಲ್ಲಿ ಕುಳಿತಿರುತ್ತದೆ; ಫ್ಲ್ಯಾಪ್ ಪೆಟ್ಟಿಗೆಯ ಒಳಗೆ. ಮೊದಲನೆಯದು ಒಂದೆರಡು ಗಂಟೆಯ ಕೆಲಸ, ಎರಡನೆಯದಕ್ಕೆ ಡ್ಯಾಶ್‌ಬೋರ್ಡ್ ಇಳಿಸಬೇಕು, ಎಷ್ಟೋ ಕಾರುಗಳಲ್ಲಿ ಗ್ಯಾಸ್ ಮತ್ತು ಕೂಲಂಟ್ ಕೂಡ ತೆಗೆಯಬೇಕು. ಹಾಗಾಗಿ ಮೋಟರ್ ಬಿಚ್ಚಿದ ಕೂಡಲೇ, ಹೊಸದನ್ನು ಕೊಳ್ಳುವುದಕ್ಕೆ ಮೊದಲು, ಫ್ಲ್ಯಾಪನ್ನು ಕೈಯಿಂದ ತಿರುಗಿಸಿ ನೋಡಿ.

ಮೋಟರ್ ಹೊರಬಂದ ಜಾಗದಲ್ಲಿ ಫ್ಲ್ಯಾಪಿನ ದಂಡದ ತುದಿ ಅಥವಾ ಒಂದು ಪ್ಲಾಸ್ಟಿಕ್ ಲಿವರ್ ಕಾಣುತ್ತದೆ. ಅದನ್ನು ಬೆರಳಿನಿಂದ, ಎಟುಕದಿದ್ದರೆ ಮೂತಿ ಚೂಪಿನ ಇಕ್ಕಳದಿಂದ ಮೆಲ್ಲಗೆ ತಿರುಗಿಸಿ. ಸರಿಯಾದ ಫ್ಲ್ಯಾಪ್ ಹಗುರಾಗಿ ಸರಿದು, ಎರಡೂ ಕೊನೆಯಲ್ಲಿ ಫೋಮಿಗೆ ತಗುಲಿ ಮೆತ್ತಗೆ ನಿಲ್ಲುತ್ತದೆ. ಎಲ್ಲೂ ನಿಲ್ಲದೆ ಸುತ್ತುತ್ತಲೇ ಇದ್ದರೆ ದಂಡ ಮುರಿದಿದೆ. ನಡುದಾರಿಯಲ್ಲಿ ಗಟ್ಟಿಯಾಗಿ ತಡೆದರೆ ಏನೋ ಸಿಕ್ಕಿಕೊಂಡಿದೆ: ಮುಂದಿನ ಗಾಜಿನ ಬುಡದ ಸೀಳಿನಿಂದ ಜಾರಿದ ಪೆನ್ನು, ನಾಣ್ಯ, ಡ್ಯಾಶ್‌ಬೋರ್ಡಿನ ಗಣಪನಿಗೆ ಇಟ್ಟು ಒಣಗಿದ ಮಲ್ಲಿಗೆಯ ದಂಡೆಯ ದಾರ. ಅಂಥ ಫ್ಲ್ಯಾಪಿಗೆ ಹೊಸ ಮೋಟರ್ ಹಾಕಿದರೆ ಅದರ ಗಿಯರೂ ಮುರಿಯುತ್ತದೆ.

ಮೂರನೆಯದೊಂದಿದೆ. ಫ್ಲ್ಯಾಪ್ ಸರಿಯಾಗಿ ತಿರುಗುತ್ತದೆ, ಆದರೂ ಬಿಸಿ ಗಾಳಿ ಬೆರೆಯುತ್ತದೆ. ಗಾಳಿಕಿಂಡಿಯಿಂದ ಆಗಾಗ ಕಪ್ಪು ಸ್ಪಂಜಿನ ಚೂರುಗಳು ಹಾರಿ ಬರುತ್ತವೆ. ಫ್ಲ್ಯಾಪಿನ ಅಂಚಿಗೆ ಅಂಟಿಸಿದ್ದ ಫೋಮ್ ಕೊಳೆತು ಉದುರುತ್ತಿದೆ. ಮೋಟರಿಗೂ ಇದಕ್ಕೂ ಸಂಬಂಧವಿಲ್ಲ.

ತೆಗೆದ ಮೋಟರಿಗೆ ನೇರ ಬ್ಯಾಟರಿ ಕೊಟ್ಟು ನೋಡಬಹುದೇ?

ಐದು ತಂತಿಯ ಸಾಮಾನ್ಯ ಡಿಸಿ ಮೋಟರಾದರೆ ಹೌದು, ಸರಿಯಾದ ಎರಡು ಪಿನ್ನುಗಳಿಗೆ ಮಾತ್ರ. 9 ವೋಲ್ಟಿನ ಚಿಕ್ಕ ಬ್ಯಾಟರಿ ಸಾಕು. ಕಾರಿನ ಬ್ಯಾಟರಿಗಿಂತ ಅದೇ ಮೇಲು, ಏನಾದರೂ ತಪ್ಪಿದರೂ ಹಾನಿ ಕಡಿಮೆ. ಧ್ರುವ ಅದಲುಬದಲು ಮಾಡಿದರೆ ತಿರುಗುವ ದಿಕ್ಕು ಬದಲಾಗಬೇಕು. ಉಳಿದ ಮೂರು ಪಿನ್ನುಗಳು ಸ್ಥಾನ ತಿಳಿಸುವ ಪೊಟೆನ್ಷಿಯೋಮೀಟರಿನವು; ಅವಕ್ಕೆ ಬ್ಯಾಟರಿ ತಗುಲಿದರೆ ಅದರೊಳಗಿನ ಪಟ್ಟಿ ಸುಟ್ಟುಹೋಗಬಹುದು. ನಿಮ್ಮ ಮಾದರಿಯ ವೈರಿಂಗ್ ಚಿತ್ರ ಕೈಯಲ್ಲಿಲ್ಲದಿದ್ದರೆ ಊಹೆಯಿಂದ ಕೊಡಬೇಡಿ. ತಂತಿಗಳ ಸಂಖ್ಯೆ ಐದಲ್ಲದಿದ್ದರೆ ಈ ಪರೀಕ್ಷೆ ಬೇಡವೇ ಬೇಡ.

ಕಾರಿನ ದೋಷ ಓದಲು ಮನೆಯಲ್ಲಿರುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಇದರ ದೋಷದ ಕೋಡ್ ತೋರಿಸುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ಅವು ಓದುವುದು ಇಂಜಿನ್ನಿನ ‘ಪಿ’ ಕೋಡುಗಳನ್ನು. ಎಸಿಯ ದೋಷಗಳು ‘ಬಿ’ ಗುಂಪಿನವು, ಬೇರೆ ಘಟಕದಲ್ಲಿ ಕುಳಿತಿರುತ್ತವೆ. ಆದರೆ ಅನೇಕ ಆಟೋಮ್ಯಾಟಿಕ್ ಎಸಿಗಳು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುತ್ತವೆ. ಹಲವು ಟೊಯೊಟಾ ಕಾರುಗಳಲ್ಲಿ ‘ಆಟೋ’ ಗುಂಡಿಯನ್ನೂ ಒಳಗಾಳಿ ಗುಂಡಿಯನ್ನೂ ಒಟ್ಟಿಗೆ ಒತ್ತಿ ಹಿಡಿದು ಇಗ್ನಿಷನ್ ಹಾಕಿದರೆ ದೀಪಗಳು ಮಿನುಗಿ, ನಂತರ ಸಂಖ್ಯೆ ತೋರುತ್ತದೆ. 41 ತಾಪಮಾನದ ಡ್ಯಾಂಪರ್ ಮೋಟರ್, 42 ಗಾಳಿ ಒಳಬರುವ ಡ್ಯಾಂಪರಿನದು, 43 ಗಾಳಿ ಹಂಚುವುದರದು. ಬೇರೆ ಕಂಪನಿಗಳ ಕ್ರಮ ಬೇರೆ. ಸರ್ವಿಸ್ ಕೈಪಿಡಿ ನೋಡಿ.

## ಬದಲಾಯಿಸುವ ಕೆಲಸ

ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಲೇಬೇಕೇ?

ಹೆಚ್ಚಿನ ಮೋಟರ್‌ಗಳಿಗೆ ಬೇಕಿಲ್ಲ. ನಮ್ಮ ಬಲಗೈ ಚಾಲನೆಯ ಕಾರುಗಳಲ್ಲಿ ಒಳಗಾಳಿ ಮೋಟರ್ ಎಡಗಡೆ, ಗ್ಲವ್ ಬಾಕ್ಸ್ ಹಿಂದೆ, ಬ್ಲೋವರ್ ಪಕ್ಕದಲ್ಲೇ ಸಿಗುತ್ತದೆ. ತಾಪಮಾನದ ಮತ್ತು ಗಾಳಿ ಹಂಚುವ ಮೋಟರ್‌ಗಳು ಪೆಟ್ಟಿಗೆಯ ಎಡ ಬಲ ಮಗ್ಗುಲಲ್ಲಿ, ಕ್ಲಚ್ ಪೆಡಲಿನ ಮೇಲ್ಭಾಗದಲ್ಲೋ ನಡುವಿನ ಕನ್ಸೋಲಿನ ಪಕ್ಕದಲ್ಲೋ ಇರುತ್ತವೆ. ಕೆಳಗಿನ ಕವರ್ ತೆಗೆದು, ಸೀಟು ಪೂರ್ತಿ ಹಿಂದೆ ತಳ್ಳಿ, ಬೆನ್ನ ಮೇಲೆ ಮಲಗಿ ಟಾರ್ಚ್ ಹಿಡಿದು ನೋಡಿದರೆ ಕಾಣುತ್ತವೆ. ಆ ಭಂಗಿ ಬೆನ್ನಿಗೆ ಸುಖವಲ್ಲ. ಪೆಟ್ಟಿಗೆಯ ನೆತ್ತಿಯ ಮೇಲೆ ಮೋಟರ್ ಕೂರಿಸಿದ ಕಾರುಗಳೂ ಇವೆ. ಅಲ್ಲಿ ಡ್ಯಾಶ್‌ಬೋರ್ಡ್ ಇಳಿಸದೆ ದಾರಿಯಿಲ್ಲ. ಕೆಲಸ ಒಪ್ಪಿಸುವ ಮೊದಲು ‘ಯಾವ ಮೋಟರ್, ಅದು ಎಲ್ಲಿದೆ’ ಎಂದು ಕೇಳಿ. ಬಿಲ್ಲಿನ ದೊಡ್ಡ ಪಾಲು ಕೂಲಿಯೇ.

ನಾನೇ ಮಾಡುತ್ತೇನೆ. ಏನು ಎಚ್ಚರಿಕೆ ವಹಿಸಬೇಕು?

ಏರ್‌ಬ್ಯಾಗ್. ಗ್ಲವ್ ಬಾಕ್ಸಿನ ಮೇಲೆ ಒಂದಿದೆ, ಕೆಲವು ಕಾರುಗಳಲ್ಲಿ ಚಾಲಕನ ಮೊಣಕಾಲ ಬಳಿ ಇನ್ನೊಂದು. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಕೈಪಿಡಿ ಹೇಳಿದಷ್ಟು ಹೊತ್ತು ಕಾದು ಕೆಲಸ ಶುರುಮಾಡಿ. ಹಳದಿ ಕನೆಕ್ಟರ್, ಹಳದಿ ಹೊದಿಕೆಯ ತಂತಿ ಕಂಡರೆ ಅದು ಏರ್‌ಬ್ಯಾಗಿನದು. ಎಳೆಯಬೇಡಿ, ಮೀಟರ್ ಹಚ್ಚಬೇಡಿ. ಬ್ಯಾಟರಿ ತೆಗೆದರೆ ಕೆಲವು ಸ್ಟೀರಿಯೋಗಳು ಮರಳಿ ಕೋಡ್ ಕೇಳುತ್ತವೆ, ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ.

ಕೆಲಸದ ಕ್ರಮ ಹೇಳುತ್ತೀರಾ?

ಬಿಚ್ಚುವ ಮೊದಲು, ಇಗ್ನಿಷನ್ ಇರುವಾಗಲೇ, ತಾಪಮಾನವನ್ನು ಪೂರ್ತಿ ತಂಪಿಗೆ ಇಟ್ಟು ಆಮೇಲೆ ಬ್ಯಾಟರಿ ಕಳಚಿ. ಮೋಟರ್ ಯಾವ ಸ್ಥಾನದಲ್ಲಿದೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಕನೆಕ್ಟರಿನ ನಾಲಿಗೆ ಒತ್ತಿ ಬಿಡಿಸಿ, ತಂತಿ ಹಿಡಿದು ಎಳೆಯಬೇಡಿ. ಸ್ಕ್ರೂಗಳು ಎರಡೋ ಮೂರೋ ಇರುತ್ತವೆ. ಗಿಡ್ಡ ಸ್ಕ್ರೂಡ್ರೈವರ್ ಅಥವಾ ಚಿಕ್ಕ ರಾಚೆಟ್ ಬೇಕು, ತುದಿಗೆ ಅಯಸ್ಕಾಂತ ಇದ್ದರೆ ಪುಣ್ಯ. ಬಿದ್ದ ಸ್ಕ್ರೂ ಕಾರ್ಪೆಟ್ಟಿನಡಿ ಸೇರಿದರೆ ಮತ್ತೆ ಸಿಗುವ ಭರವಸೆಯಿಲ್ಲ, ಒಂದು ಹಳೆಯ ಟವೆಲ್ ಹಾಸಿಕೊಳ್ಳಿ.

ಮೋಟರ್ ತೆಗೆದ ಮೇಲೆ ಫ್ಲ್ಯಾಪ್ ಪರೀಕ್ಷೆ. ಅದು ಸರಿಯಿದ್ದರೆ ಹೊಸ ಮೋಟರಿನ ದಂಡದ ಚಪ್ಪಟೆ ಬದಿಯನ್ನು ಫ್ಲ್ಯಾಪಿನ ತುದಿಗೆ ಹೊಂದಿಸಿ ಕೂರಿಸಿ. ಹೊಂದದಿದ್ದರೆ ಮೋಟರಿನ ದಂಡವನ್ನು ಇಕ್ಕಳದಿಂದ ತಿರುಗಿಸಬೇಡಿ, ವರ್ಮ್ ಗಿಯರ್ ಹಿಂದಕ್ಕೆ ತಿರುಗದೆ ಹಲ್ಲು ಮುರಿಯುತ್ತದೆ. ಫ್ಲ್ಯಾಪನ್ನೇ ಮೋಟರಿಗೆ ಹೊಂದುವಂತೆ ಸರಿಸಿ. ಸ್ಕ್ರೂಗಳು ಪ್ಲಾಸ್ಟಿಕ್ಕಿನಲ್ಲಿ ಕೂರುವುದರಿಂದ ಬಿಗಿಯಾದ ಕೂಡಲೇ ನಿಲ್ಲಿಸಿ.

ಹೊಸ ಮೋಟರ್ ಹಾಕಿದ ಮೇಲೂ ಅದೇ ಟಕ್ ಟಕ್. ಮೋಸ ಹೋದೆನೇ?

ಮೊದಲು ಕಾರಿಗೆ ಕಲಿಯಲು ಬಿಡಿ. ಹಳೆಯ ಮೋಟರಿನ ಕೊನೆಗಳು ಎಲ್ಲಿದ್ದವು ಎಂಬ ನೆನಪು ನಿಯಂತ್ರಣ ಘಟಕದಲ್ಲಿ ಉಳಿದಿರುತ್ತದೆ. ಬ್ಯಾಟರಿ ಅಥವಾ ಎಸಿಯ ಫ್ಯೂಸ್ ಸ್ವಲ್ಪ ಹೊತ್ತು ತೆಗೆದಿಟ್ಟು ಮತ್ತೆ ಜೋಡಿಸಿ, ಇಗ್ನಿಷನ್ ಹಾಕಿ, ಎಸಿಯ ಯಾವ ಗುಂಡಿಯನ್ನೂ ಒಂದೆರಡು ನಿಮಿಷ ಮುಟ್ಟಬೇಡಿ. ಅನೇಕ ಕಾರುಗಳು ಆ ಹೊತ್ತಿನಲ್ಲಿ ಪ್ರತಿ ಫ್ಲ್ಯಾಪನ್ನೂ ಈ ಕೊನೆಯಿಂದ ಆ ಕೊನೆಗೆ ಒಯ್ದು ಹೊಸದಾಗಿ ಗುರುತು ಹಾಕಿಕೊಳ್ಳುತ್ತವೆ. ಇನ್ನು ಕೆಲವಕ್ಕೆ ಸ್ಕ್ಯಾನರ್ ಮೂಲಕವೇ ಹೇಳಬೇಕು.

ಆಮೇಲೂ ಸದ್ದು ಹೋಗದಿದ್ದರೆ ಫ್ಲ್ಯಾಪ್ ಸಿಕ್ಕಿಕೊಂಡಿದೆ, ಅಥವಾ ಬದಲಾಯಿಸಿದ್ದು ಪಕ್ಕದ ಮೋಟರನ್ನು. ಪೆಟ್ಟಿಗೆಯಲ್ಲಿ ಸದ್ದು ಮೋಸ ಮಾಡುತ್ತದೆ. ಒಬ್ಬರು ಗುಂಡಿ ಒತ್ತುವಾಗ ಇನ್ನೊಬ್ಬರು ಮೋಟರ್ ಮೇಲೆ ಬೆರಳಿಟ್ಟರೆ ಅದುರುವುದು ಯಾವುದೆಂದು ಕೈಗೇ ತಿಳಿಯುತ್ತದೆ.

ಹೊಸದೇ ಬೇಕೇ, ಹಳೆಯ ಬಿಡಿಭಾಗ ಆಗುತ್ತದೆಯೇ? ಮುರಿದ ಗಿಯರಿಗೆ ಅಂಟು ಹಾಕಬಹುದೇ?

ಅಂಟು ನಿಲ್ಲುವುದಿಲ್ಲ. ಗಿಯರಿನ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯುವುದೇ ಕಷ್ಟ, ಹಿಡಿದರೂ ಹಲ್ಲಿನ ಮೇಲಿನ ಒತ್ತಡಕ್ಕೆ ಬಿಡುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹೊಸದು, ಶಿವಾಜಿನಗರದ ಹಳೆ ಬಿಡಿಭಾಗದವರಲ್ಲಿ ಬಿಚ್ಚಿದ್ದು ಹುಡುಕಬಹುದು. ಎಲ್ಲೇ ಕೊಂಡರೂ ಹಳೆಯ ಮೋಟರನ್ನು ಜೊತೆಗೆ ಒಯ್ಯಿರಿ. ಮೈಮೇಲಿನ ಚೀಟಿಯಲ್ಲಿರುವ ಪಾರ್ಟ್ ನಂಬರ್ ಅಕ್ಷರಶಃ ಕೂಡಬೇಕು. ಎಡ ಬಲದ ಮೋಟರ್‌ಗಳು ಅವಳಿಗಳಂತೆ ಕಂಡರೂ ತಿರುಗುವ ದಿಕ್ಕು ಬೇರೆಯಿರಬಹುದು. ಹಳೆಯದನ್ನು ಕೊಳ್ಳುವುದಾದರೆ ಗಿಯರಿನ ವಯಸ್ಸೂ ಜೊತೆಗೆ ಬರುತ್ತದೆ. ಎಟುಕುವ ಜಾಗದ ಮೋಟರಿಗೆ ಅದು ನಡೆದೀತು. ಡ್ಯಾಶ್‌ಬೋರ್ಡ್ ಇಳಿಸಿ ಹಾಕಬೇಕಾದ್ದಕ್ಕೆ ಹೊಸದನ್ನೇ ಹಾಕಿ.

ನಾಳೆ ಊರಿಗೆ ಹೊರಡಬೇಕು, ಬಿಡಿಭಾಗ ಸಿಕ್ಕಿಲ್ಲ. ತಾತ್ಕಾಲಿಕ ಉಪಾಯವಿದೆಯೇ?

ಇದೆ. ಕೆಟ್ಟ ಮೋಟರ್ ತೆಗೆದು, ಫ್ಲ್ಯಾಪಿನ ದಂಡವನ್ನು ಕೈಯಿಂದ ಪೂರ್ತಿ ತಂಪಿನ ಕೊನೆಗೆ ತಿರುಗಿಸಿ, ಕೇಬಲ್ ಟೈ ಅಥವಾ ಗಟ್ಟಿ ಟೇಪಿನಿಂದ ಅಲುಗದಂತೆ ಕಟ್ಟಿ. ಕನೆಕ್ಟರನ್ನು ಪೆಡಲಿಗೆ ತಗುಲದ ಹಾಗೆ ಮೇಲೆ ಸಿಕ್ಕಿಸಿ. ಗಾಳಿ ಹಂಚುವ ಮೋಟರಾದರೆ ಗಾಜಿಗೂ ಗಾಳಿ ಹೋಗುವ ಸ್ಥಾನದಲ್ಲಿ ಕಟ್ಟಿ.

## ಇನ್ನೂ ಆಳಕ್ಕೆ

ನನ್ನ ಮೋಟರಿಗೆ ಮೂರೇ ತಂತಿ. ಐದು ತಂತಿಯದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಐದು ತಂತಿಯದರಲ್ಲಿ ಎರಡು ಮೋಟರಿಗೆ, ಮೂರು ಸ್ಥಾನ ಹೇಳುವುದಕ್ಕೆ: 5 ವೋಲ್ಟ್, ಅರ್ತ್, ಸಂಕೇತ. ಮೂರು ತಂತಿಯದು ಹೆಚ್ಚಾಗಿ ಲಿನ್ (ಕಾರಿನ ಘಟಕಗಳು ಒಂದೇ ತಂತಿಯಲ್ಲಿ ಮಾತಾಡಿಕೊಳ್ಳುವ ವ್ಯವಸ್ಥೆ) ಸಂವಹನದ ಮೋಟರ್. ವಿದ್ಯುತ್, ಅರ್ತ್, ಮತ್ತು ಆಜ್ಞೆ ಬರುವ ಒಂದು ತಂತಿ. ಅದರೊಳಗೇ ಒಂದು ಚಿಪ್ ಇದೆ, ಬ್ಯಾಟರಿ ಕೊಟ್ಟರೂ ತಿರುಗದು. ಒಂದೇ ತಂತಿಯಲ್ಲಿ ಹಲವು ಮೋಟರ್‌ಗಳು ಸಾಲಾಗಿರುವ ಕಾರುಗಳಲ್ಲಿ ಪ್ರತಿಯೊಂದಕ್ಕೂ ವಿಳಾಸವಿರುತ್ತದೆ. ಒಂದರ ಜಾಗಕ್ಕೆ ಇನ್ನೊಂದು ಮೋಟರ್ ಹಾಕಿದರೆ ಕಾಲಿನ ಗುಂಡಿಗೆ ತಾಪಮಾನ ಬದಲಾದೀತು. ಎರಡೇ ತಂತಿಯ ಮಾದರಿಯಲ್ಲಿ ಘಟಕವು ಮೋಟರ್ ತಿರುಗುವಾಗಿನ ವಿದ್ಯುತ್ ಮಿಡಿತಗಳನ್ನು ಎಣಿಸಿ ಸ್ಥಾನ ಅಂದಾಜಿಸುತ್ತದೆ.

ಮಲ್ಟಿಮೀಟರ್ ಇದೆ. ಎಲ್ಲಿ ಏನು ಅಳೆಯಬೇಕು?

ಐದು ತಂತಿಯದು ಎಂದುಕೊಂಡು ಹೇಳುತ್ತೇನೆ. ಕನೆಕ್ಟರ್ ಜೋಡಿಸಿರುವಾಗಲೇ ಹಿಂದಿನಿಂದ ಮೊನೆ ತೂರಿಸಿ, ಮೋಟರಿನ ಎರಡು ತಂತಿಗಳ ನಡುವೆ ಅಳೆಯಿರಿ. ತಾಪಮಾನ ಬದಲಾಯಿಸಿದ ಕೂಡಲೇ ಸುಮಾರು 12 ವೋಲ್ಟ್ ಕೆಲವು ಸೆಕೆಂಡ್ ಬಂದು ಸೊನ್ನೆಗೆ ಇಳಿಯಬೇಕು. ಎದುರು ದಿಕ್ಕಿಗೆ ಹಾಕಿದರೆ ಮೈನಸ್ ತೋರಬೇಕು. ವೋಲ್ಟ್ ಬಂದೂ ತಿರುಗದಿದ್ದರೆ ಮೋಟರ್ ಸತ್ತಿದೆ, ಇಲ್ಲವೇ ಫ್ಲ್ಯಾಪ್ ಸಿಕ್ಕಿಕೊಂಡಿದೆ. ವೋಲ್ಟೇ ಬಾರದಿದ್ದರೆ ನಿಯಂತ್ರಣ ಘಟಕವನ್ನು ಕೂಡಲೇ ದೂರಬೇಡಿ, ಸಂಕೇತದ ತಂತಿ ನೋಡಿ. ಫ್ಲ್ಯಾಪ್ ಒಂದು ಕೊನೆಯಿಂದ ಇನ್ನೊಂದಕ್ಕೆ ಹೋಗುವಾಗ ಅಲ್ಲಿ ಸಾಮಾನ್ಯವಾಗಿ ಅರ್ಧ ವೋಲ್ಟಿನಿಂದ ನಾಲ್ಕೂವರೆ ವೋಲ್ಟಿನ ನಡುವೆ ನಯವಾಗಿ ಏರಿಳಿಯಬೇಕು. ನಡುವೆ ಒಮ್ಮೆಲೆ ಸೊನ್ನೆಗೋ ಐದಕ್ಕೋ ಹಾರಿದರೆ ಪೊಟೆನ್ಷಿಯೋಮೀಟರ್ ಪಟ್ಟಿ ಸವೆದಿದೆ. ಅಂಥ ಮೋಟರಿನ ಗಿಯರ್ ಸರಿಯಿರುತ್ತದೆ, ಟಕ್ ಟಕ್ ಇರುವುದಿಲ್ಲ. ಆದರೆ ಗಾಳಿ ತನ್ನಷ್ಟಕ್ಕೆ ಬಿಸಿ, ತಂಪು ಎಂದು ಓಲಾಡುತ್ತದೆ. ಬಿಡಿಭಾಗ ಬದಲಾಯಿಸುತ್ತಲೇ ಸುಸ್ತಾದವರ ಕಾರಿನಲ್ಲಿ ಎಷ್ಟೋ ಸಲ ಇದೇ ಇರುತ್ತದೆ.

ಒಂದೇ ದಿನ ಎರಡು ಮೂರು ಮೋಟರ್ ಒಟ್ಟಿಗೆ ನಿಂತವು. ಎಲ್ಲವನ್ನೂ ಬದಲಾಯಿಸಬೇಕೇ?

ಬೇಡ. ಮೂರು ಮೋಟರ್ ಒಂದೇ ದಿನ ಸಾಯುವುದಿಲ್ಲ. ಅವೆಲ್ಲಕ್ಕೂ ಸಾಮಾನ್ಯವಾದದ್ದನ್ನು ಹುಡುಕಿ: ಫ್ಯೂಸ್, ಅರ್ತ್, 5 ವೋಲ್ಟಿನ ತಂತಿ, ನಿಯಂತ್ರಣ ಘಟಕ. ಕಾರನ್ನು ಮರದಡಿ ಅಥವಾ ತೋಟದ ಮನೆಯ ಅಂಗಳದಲ್ಲಿ ನಿಲ್ಲಿಸುವವರಾದರೆ ಮೊದಲು ಇಲಿಯನ್ನು ಅನುಮಾನಿಸಿ. ಹೊರಗಾಳಿಯ ಬಾಯಿಯಿಂದ ನುಸುಳಿ ಎಸಿ ಫಿಲ್ಟರ್ ಮೇಲೆ ಗೂಡು ಕಟ್ಟುತ್ತವೆ, ತಂತಿ ಕಡಿಯುತ್ತವೆ. ಫಿಲ್ಟರ್ ಹೊರತೆಗೆದಾಗ ತರಗೆಲೆ, ಹಿಕ್ಕೆ ಕಂಡರೆ ತಂತಿಯ ಕಟ್ಟನ್ನು ಬೆರಳಿನಿಂದ ಸವರುತ್ತ ಹೋಗಿ. ಕಾರು ನಿಲ್ಲಿಸುವಾಗ ಒಳಗಾಳಿಯಲ್ಲಿಟ್ಟು ನಿಲ್ಲಿಸಿದರೆ ಆ ಬಾಯಿ ಮುಚ್ಚಿರುತ್ತದೆ, ಮೋಟರ್ ಕೆಲಸ ಮಾಡುತ್ತಿದ್ದರೆ.

ಎಲೆಕ್ಟ್ರಿಕ್ ಕಾರಿನಲ್ಲೂ ಇದೇ ಕ್ರಮವೇ?

ಮೋಟರ್, ಗಿಯರ್, ಟಕ್ ಟಕ್ ಎಲ್ಲವೂ ಅದೇ. ಆದರೆ ಅಲ್ಲಿ ಬಿಸಿ ಕೊಡುವುದು ಇಂಜಿನ್ ಕೂಲಂಟ್ ಅಲ್ಲ, ವಿದ್ಯುತ್ ಹೀಟರ್ ಅಥವಾ ಹೀಟ್ ಪಂಪ್. ಹೀಟರ್ ಚಾಲೂ ಆಗದಿದ್ದರೆ ಫ್ಲ್ಯಾಪ್ ಸರಿಯಿದ್ದೂ ಬಿಸಿ ಬಾರದು. ಕಿತ್ತಳೆ ಬಣ್ಣದ ಕೇಬಲ್ ಕಂಡಲ್ಲಿಗೆ ಕೈ ನಿಲ್ಲಿಸಿ. ಅದು ನೂರಾರು ವೋಲ್ಟಿನದು, ತರಬೇತಿ ಪಡೆದವರೇ ಮುಟ್ಟಬೇಕು.